ಗುಳುಂರಾಯನ ಬಾಲ್ಯವನ್ನು ಬರೆದವರಿಗೆ

ಕೆಂಗುಂಡಿ, ನಾಲ್ಕನೆಯ ಮೆಟ್ಟಿಲು
ನಡುಬೇಸಿಗೆ ತಿಂಗಳ ಮೂವತ್ತೆಂಟನೆಯ ದಿನ, ಗುಂಡಿಗಿಳಿದ ಎಪ್ಪತ್ತನೆಯ ವರ್ಷ

ಮೂರ್ತಿಯವರೇ,

ಮೇಲಿನ ತಾರೀಖು ನೋಡಿ ಬರೆದವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಮ್ಮಲ್ಲಿ ಬೇಸಿಗೆ ಎಷ್ಟು ದಿನವಾದರೂ ಮುಗಿಯದೆ ಹೋದಾಗ ಹಿರಿಯರು ಬೇಸತ್ತು ಅದರ ನಡುವೆ ಇನ್ನೊಂದು ತಿಂಗಳನ್ನೇ ಸೇರಿಸಿಬಿಟ್ಟರು. ಆ ತಿಂಗಳಿಗೆ ಎಷ್ಟು ದಿನ ಬೇಕೋ ಅಷ್ಟು ದಿನ. ನಿಮ್ಮ ಲೆಕ್ಕದಲ್ಲಿ ಇದು ಎರಡು ಸಾವಿರದ ನೂರ ಎಪ್ಪತ್ತರ ಆಸುಪಾಸು ಎಂದಿಟ್ಟುಕೊಳ್ಳಿ. ನನ್ನ ಕನ್ನಡ ವಿಚಿತ್ರವಾಗಿ ಕಂಡರೆ ದಯವಿಟ್ಟು ಕ್ಷಮಿಸಬೇಕು. ನಾವು ಬರೆಯುವ ಕನ್ನಡವನ್ನು ಕಲಿತದ್ದು ನಿಮ್ಮ ಕಾಲದ ಮಕ್ಕಳ ಚಿತ್ರಕಥೆಗಳಿಂದ. ಹಾಗಾಗಿ ನಮ್ಮ ಸಾವಿನ ಸುದ್ದಿಯ ಪತ್ರಗಳಲ್ಲೂ ಒಮ್ಮೊಮ್ಮೆ 'ಧಡಾರ್' ಎಂಬ ಪದ ಬಂದುಬಿಡುತ್ತದೆ. ಈ ಪತ್ರದಲ್ಲಿ ಬರದ ಹಾಗೆ ಎಚ್ಚರ ವಹಿಸಿದ್ದೇನೆ.

ನಿಮ್ಮ ಪೂರ್ತಿ ಹೆಸರು ನನಗೆ ಗೊತ್ತಿಲ್ಲ. ನಮ್ಮಲ್ಲಿರುವ ಪ್ರತಿಯ ಮುಖಪುಟದ ಮೂಲೆಯನ್ನು ಗೆದ್ದಲು ತಿಂದಿದ್ದು, ಬರೆದವರು ಎಂಬುದರ ಮುಂದೆ 'ಮೂರ್ತಿ' ಮಾತ್ರ ಉಳಿದಿದೆ. ನೀವು ಕೃಷ್ಣಮೂರ್ತಿಯೋ ನಂಜುಂಡಮೂರ್ತಿಯೋ ಆ ಗೆದ್ದಲಿಗೇ ಗೊತ್ತು. ಆದರೂ ಹಿಂದಂಚೆಗೆ ಅಷ್ಟು ಸಾಕಂತೆ, ಪುಸ್ತಕದ ಹೆಸರು ಹೇಳಿದರೆ ಅದು ಅಚ್ಚಾಗುವ ಮೊದಲೇ ಬರೆದವರ ಮೇಜಿಗೆ ತಲುಪಿಸುತ್ತಾರೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಪತ್ರ ಹಾಕುವ ವ್ಯವಸ್ಥೆ. ಅದು ಹೇಗೆ ನಡೆಯುತ್ತದೆ ಎಂದು ಕೇಳಬೇಡಿ, ಟಪಾಲು ಕಿಟಕಿಯಲ್ಲಿ ಕೂತವರಿಗೂ ಗೊತ್ತಿಲ್ಲ. ಒಬ್ಬೊಬ್ಬರಿಗೆ ಜನ್ಮಕ್ಕೊಂದು ಪತ್ರ. ಹೆಚ್ಚಿನವರು ಮುತ್ತಜ್ಜನಿಗೆ ಬರೆಯುತ್ತಾರೆ, ಆ ಬಾವಿ ಮುಚ್ಚಬೇಡಿ, ಆ ಮರ ಕಡಿಯಬೇಡಿ ಎಂದು. ಯಾವ ಮುತ್ತಜ್ಜನೂ ಕೇಳಿದ ಹಾಗೆ ಕಾಣುವುದಿಲ್ಲ. ನನ್ನ ಪಾಲಿನ ಪತ್ರವನ್ನು ಚಿತ್ರಕಥೆ ಬರೆದವನೊಬ್ಬನಿಗೆ ಕಳಿಸುತ್ತೇನೆಂದಾಗ ಅಕ್ಕಪಕ್ಕದವರು ಹಣೆ ಚಚ್ಚಿಕೊಂಡರು. ಆದರೆ ಹಿಂದಂಚೆ ನೂರು ವರ್ಷಕ್ಕಿಂತ ಈಚೆಗೆ ಬರುವುದಿಲ್ಲ. ಬರುವ ಹಾಗಿದ್ದರೆ ಎರಡು ವರ್ಷದ ಹಿಂದಿನ ಒಂದು ಬೆಳಿಗ್ಗೆಗೆ, ನನ್ನ ಗಂಡ ಚಿದಾನಂದನಿಗೆ ಬರೆಯುತ್ತಿದ್ದೆ. ನಿಮಗೇಕೆ ಬರೆಯುತ್ತಿದ್ದೆ?

ನಾವಿರುವ ಜಾಗ ನಿಮ್ಮ ಕಾಲದಲ್ಲಿ ಕಬ್ಬಿಣದ ಅದಿರಿನ ಗಣಿಯಾಗಿತ್ತು. ಬಳ್ಳಾರಿಯ ದಕ್ಷಿಣಕ್ಕೆ ನೀವು ಅಗೆದು ಬಿಟ್ಟುಹೋದ ಗುಂಡಿಗಳಲ್ಲಿ ಇದೂ ಒಂದು. ಮೇಲೆ ಹಗಲಲ್ಲಿ ಮನುಷ್ಯರು ನಿಲ್ಲಲಾಗದಷ್ಟು ಬಿಸಿಲಾದಾಗ ಜನ ಇದರೊಳಕ್ಕಿಳಿದು, ಯಂತ್ರಗಳು ಕೊರೆದ ಮೆಟ್ಟಿಲುಗಳ ಮೇಲೆ ಮನೆ ಕಟ್ಟಿಕೊಂಡರು. ಗುಂಡಿಯ ಬಾಯಿಗೆ ಅಡ್ಡಲಾಗಿ ನೆರಳುಬಟ್ಟೆ ಹಾಸಿದ್ದೇವೆ. ಹಳೆಯ ಸೀರೆ, ಹಳೆಯ ಫ್ಲೆಕ್ಸು, ಸಿಕ್ಕಿದ್ದನ್ನೆಲ್ಲ ಹೊಲಿದು ಜೋಡಿಸಿದ ಬಟ್ಟೆ ಅದು. ನೀರು ಮೇಲಿನ ಕೊಳವೆಯಿಂದ ತೊಟ್ಟಿಗೆ ಇಳಿಯುತ್ತದೆ. ಬೆಳಿಗ್ಗೆ ತಲೆಗೊಂದು ಚೊಂಬು ಅಳೆದು ಕೊಡುತ್ತಾರೆ, ಅದರಲ್ಲೇ ದಿನ ದೂಡಬೇಕು. ಹೆಣ್ಣುಮಕ್ಕಳಿಗೆ ಬತ್ತಿದ ನದಿಗಳ ಹೆಸರಿಡುವುದು ನಮ್ಮ ಪದ್ಧತಿ, ಹೆಸರಾದರೂ ಬಾಯಲ್ಲಿ ಹರಿಯಲಿ ಎಂದು. ನಾನು ವರದಾ. ನನ್ನ ಮಗಳು ಹಗರಿ, ಅವಳಿಗೀಗ ಏಳು ವರ್ಷ.

ನಾನು ಇಲ್ಲಿನ ಓದುಗಾರ್ತಿ. ಬಿಸಿಲು ನೆತ್ತಿಗೇರಿದಾಗ ಯಾರೂ ಕೆಲಸ ಮಾಡುವಂತಿಲ್ಲ. ಎಲ್ಲರೂ ತಳದ ಸಭಾಂಗಣದಲ್ಲಿ ತಣ್ಣಗೆ ಕೂರಬೇಕು. ಆ ಹೊತ್ತಿಗೆ 'ನೆರಳುಪಾಠ' ಎಂದು ಹೆಸರು. ನಾನು ಚಿತ್ರಕಥೆಯ ಪುಟಗಳನ್ನು ಗೋಡೆಯ ಮೇಲೆ ಬೆಳಕಿನಲ್ಲಿ ಮೂಡಿಸಿ ಗಟ್ಟಿಯಾಗಿ ಓದುತ್ತೇನೆ, ಊರಿನವರು ಒಬ್ಬೊಬ್ಬರು ಒಂದೊಂದು ಪಾತ್ರವಾಗುತ್ತಾರೆ. ನಮಗೆ ಎಲ್ಲಕ್ಕಿಂತ ಪ್ರೀತಿಯದು 'ಹನಿಪಡೆ'. ನಿಮಗೆ ಅದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಸಿಂಗಾರಪುರವೆಂಬ ಊರು, ಅಲ್ಲಿನ ನಾಲ್ಕು ಮಕ್ಕಳು, ಊರಿಗೊಂದು ಕೆರೆ. ಪ್ರತಿ ಸಂಚಿಕೆಯಲ್ಲೂ ಡೊಳ್ಳುಹೊಟ್ಟೆಯ ಗುಳುಂರಾಯ ಬಂದು ಕೆರೆಯೋ ಬಾವಿಯೋ ಮಳೆಮೋಡವೋ, ಕಣ್ಣಿಗೆ ಬಿದ್ದ ನೀರನ್ನೆಲ್ಲ ಗುಳುಂ ಎಂದು ನುಂಗುತ್ತಾನೆ. ಮಕ್ಕಳು ತಟ್ಟೆ ಬಡಿಯುತ್ತ, "ಕಕ್ಕೋ ಗುಳುಂ, ಕಕ್ಕೋ" ಎಂದು ಅಟ್ಟಿಸಿಕೊಂಡು ಹೋಗುತ್ತಾರೆ. ಅವನು ಓಡಲಾಗದೆ ಏದುಸಿರು ಬಿಟ್ಟು ಎಲ್ಲವನ್ನೂ ಕಕ್ಕುತ್ತಾನೆ. ಕೆರೆ ತುಂಬುತ್ತದೆ. ಮುಂದಿನ ತಿಂಗಳು ಮತ್ತೆ ಬರುತ್ತಾನೆ. ಏಕೆ ನುಂಗುತ್ತಾನೆ ಎಂದು ಆ ಕಥೆಗಳಲ್ಲಿ ಯಾರೂ ಕೇಳುವುದಿಲ್ಲ. ನಮಗೂ ಕೇಳಬೇಕೆನಿಸಿರಲಿಲ್ಲ.

ಗುಳುಂರಾಯನಾಗುತ್ತಿದ್ದವನು ನೆರಳುಬಟ್ಟೆ ಹೊಲಿಯುವ ಯರ್ರಿಸ್ವಾಮಿ. ಮುದುಕ, ಹಿಂದೆ ಮುಂದೆ ಯಾರೂ ಇಲ್ಲದವನು. ನಾನು ಮಗುವಾಗಿದ್ದಾಗ ಅವನನ್ನು ತಟ್ಟೆ ಬಡಿದು ಓಡಿಸಿದ್ದೇನೆ, ನನ್ನ ಗಂಡನೂ ಓಡಿಸಿದ್ದ. ಹಳೆಯ ರಬ್ಬರ್ ಚೀಲವೊಂದನ್ನು ಅಂಗಿಯೊಳಗೆ ಕಟ್ಟಿಕೊಂಡು, ಕುಡಿದಂತೆ ಮಾಡಿದ ನೀರು ಗಲ್ಲದ ಕೆಳಗಿನಿಂದ ಅದರೊಳಕ್ಕೆ ಇಳಿಯುವ ಹಾಗೆ ಮಾಡಿಕೊಂಡಿದ್ದ. ಮಕ್ಕಳು ಕೂಗಿದಾಗ ಹೊಟ್ಟೆ ಒತ್ತಿಕೊಂಡರೆ ನೀರು ಚಿಮ್ಮುತ್ತಿತ್ತು, ಅದನ್ನು ಬೋಗುಣಿಯಲ್ಲಿ ಹಿಡಿಯುತ್ತಿದ್ದೆವು, ಒಂದು ತೊಟ್ಟೂ ವ್ಯರ್ಥವಾಗದ ಹಾಗೆ. ಕೊಳವೆಯಲ್ಲಿ ನೀರು ನಿಂತ ದಿನಗಳಲ್ಲಂತೂ ಮಕ್ಕಳು ಅವನನ್ನು ನಾಲ್ಕು ಮೆಟ್ಟಿಲವರೆಗೂ ಅಟ್ಟಿಸಿಕೊಂಡು ಹೋಗುತ್ತಿದ್ದರು. ಹೆದರಿಕೆಯೆಲ್ಲ ಆ ಕೂಗಿನಲ್ಲಿ ಹೋಗಿಬಿಡುತ್ತಿತ್ತು, ಸಂಜೆ ಹಸಿದು ಮನೆಗೆ ಬರುತ್ತಿದ್ದರು.

ಎರಡು ವರ್ಷದ ಹಿಂದೆ ಕೊಳವೆ ಒಡೆದು ತೊಟ್ಟಿ ಒಣಗಿತು. ಚಿದಾನಂದ ಕೊಳವೆ ರಿಪೇರಿಯವನು. ಸಂಜೆಯವರೆಗೆ ಕಾಯಿ ಎಂದರೆ ಕೇಳದೆ ಹಗಲಲ್ಲೇ ಮೇಲೆ ಹೋದ. ನೀರು ಬಂತು, ಅವನು ಬರಲಿಲ್ಲ. ಬಿಸಿಲಿಗೆ ಬಿದ್ದವರನ್ನು ಮೇಲೆಯೇ ಮಣ್ಣು ಮಾಡುತ್ತೇವೆ, ಮಕ್ಕಳಿಗೆ ಮುಖ ತೋರಿಸುವುದಿಲ್ಲ. ಅವತ್ತಿನಿಂದ ಹಗರಿ ಮಾತು ಬಿಟ್ಟಳು. ಉಣ್ಣುತ್ತಿದ್ದಳು, ಹೇಳಿದ ಕೆಲಸ ಮಾಡುತ್ತಿದ್ದಳು, ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಹೀಗೇ ಕೆಲವು ತಿಂಗಳು ಕಳೆದ ಮೇಲೆ ಒಂದು ನೆರಳುಪಾಠದಲ್ಲಿ ಯರ್ರಿಸ್ವಾಮಿ ಒಳಗೆ ಬಂದು ಗುಳುಂ ಎಂದಾಗ, ಎಲ್ಲ ಮಕ್ಕಳ ದನಿಗಿಂತ ಮೇಲೆ ಒಂದು ದನಿ ಎದ್ದಿತು: "ಕಕ್ಕೋ!" ತಿರುಗಿ ನೋಡಿದರೆ ನನ್ನ ಮಗಳು. ನಾನು ಓದುವುದನ್ನೇ ನಿಲ್ಲಿಸಿಬಿಟ್ಟೆ. ಅದೊಂದೇ ಮಾತು, ದಿನಕ್ಕೆ ಒಮ್ಮೆ, ಆ ಒಂದು ಹೊತ್ತಿನಲ್ಲಿ. ಯರ್ರಿಸ್ವಾಮಿಗೂ ಗೊತ್ತಾಗಿತ್ತು. ಅವಳು ಇನ್ನಷ್ಟು ಹೊತ್ತು ಕೂಗಲಿ ಎಂದು ಬೇಗ ಕಕ್ಕುತ್ತಿರಲಿಲ್ಲ. ಆ ಒಂದು ಮಾತಿನ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು ಬಂದೀತೆಂದು ನಾನು ದಿನಾ ಕಾಯುತ್ತಿದ್ದೆ.

ಆಗ ಬಂತು ನಿಮ್ಮ ಪುಸ್ತಕ.

ಬಟ್ಟೆ ಹುಡುಕಲು ಮೇಲೆ ಹೋದವರು ಪಾಳುಬಿದ್ದ ಮನೆಯೊಂದರಲ್ಲಿ ಸೂಟ್‌ಕೇಸು ಒಡೆದಾಗ ಸೀರೆಗಳ ನಡುವೆ ಸಿಕ್ಕಿತು: 'ಗುಳುಂ: ಮೊದಲ ದಾಹ'. ಹನಿಪಡೆಯ ಹೊಸ ಪುಸ್ತಕವೆಂದು ಇಡೀ ಊರು ಹಬ್ಬದ ಹಾಗೆ ಸೇರಿತು. ನಾನು ಮೊದಲ ಪುಟ ತೆರೆದೆ. ಎಲ್ಲ ಕಪ್ಪು. ಎರಡನೆಯದೂ ಕಪ್ಪು. ಆ ಹಳದಿ ನೀಲಿ ಸಿಂಗಾರಪುರ ಎಲ್ಲಿ ಹೋಯಿತು ಸ್ವಾಮಿ? ಗೋಡೆಗಳಿಗೆಲ್ಲ ಪಾಚಿ, ಎಲ್ಲರ ಕಣ್ಣ ಕೆಳಗೂ ಗೆರೆ. ಗುಳುಂ ಎಂಟು ವರ್ಷದ ಬಡಕಲು ಹುಡುಗ. ಊರಿನವರು ಕೆರೆಯ ಬಾಗಿಲಿಗೆ ಬೀಗ ಹಾಕಿದ್ದಾರೆ, ಅವನ ತಾಯಿ ಒಂದು ಗುಟುಕು ನೀರಿಗೆ ಬೇಡುತ್ತ ಬಾಗಿಲ ಹೊರಗೆ ಸಾಯುತ್ತಾಳೆ. ಬೀಗದ ಕೈ ಯಾರ ಸೊಂಟದಲ್ಲಿ? ಹನಿಪಡೆಯ ಮಕ್ಕಳ ಸ್ವಂತ ಅಜ್ಜನ ಸೊಂಟದಲ್ಲಿ. ಅವರನ್ನೂ ನೀವು ಬಿಡಲಿಲ್ಲ. ಕೊನೆಗೆ ಗುಳುಂರಾಯ ಎರಡು ಕಾಲಿಗೆ ಎರಡು ಬಣ್ಣದ ಚಪ್ಪಲಿ ಹಾಕುತ್ತಿದ್ದನಲ್ಲ, ನಾವು ಮೂರು ತಲೆಮಾರು ನಕ್ಕ ಚಪ್ಪಲಿ, ಅದರಲ್ಲಿ ಒಂದು ಸತ್ತ ತಾಯಿಯದಂತೆ. ಚಪ್ಪಲಿಯನ್ನಾದರೂ ಬಿಡಬಾರದಿತ್ತೇ?

ನಿಮ್ಮ ಮುನ್ನುಡಿಯನ್ನೂ ಓದಿದ್ದೇನೆ. ಚಿಕ್ಕಂದಿನಲ್ಲಿ ಹನಿಪಡೆಗಾಗಿ ಅಂಗಡಿಯ ಮುಂದೆ ಕಾಯುತ್ತಿದ್ದಿರಂತೆ, ತಮ್ಮನ ಹೊಟ್ಟೆಗೆ ದಿಂಬು ಕಟ್ಟಿ ಬೀದಿಯೆಲ್ಲ ಓಡಿಸಿದ್ದಿರಂತೆ, ನಲವತ್ತರ ಹತ್ತಿರ ಬಂದಾಗ ಒಂದು ದಿನ ಗುಳುಂರಾಯನಿಗೆ ಯಾರೂ ನ್ಯಾಯ ಕೊಡಲಿಲ್ಲವಲ್ಲ ಎಂದು ಕಣ್ಣು ತುಂಬಿತಂತೆ. ತುಂಬಲಿ, ಬೇಡವೆನ್ನಲಿಲ್ಲ. ಆದರೆ ನೋಡಿ, ನೀವು ಮೊದಲು ಓಡಿಸಿದಿರಿ. ಬೀದಿ ತುಂಬ ಓಡಿಸಿ, ಸುಸ್ತಾಗಿ, ಉಂಡು ಮಲಗಿ, ದೊಡ್ಡವರಾಗಿ, ಆಮೇಲೆ ಮರುಗಿದಿರಿ. ನಿಮಗೆ ಮರುಕ ಕೊನೆಗೆ ಬಂದ ಮಜ್ಜಿಗೆ ಅನ್ನ. ನಮ್ಮ ಮಕ್ಕಳ ಎಲೆಗೆ ಅದನ್ನೇ ಮೊದಲು ಬಡಿಸಿದರು.

ಬಡಿಸಿದವರು ಯಾರೆಂದರೆ ನಮ್ಮ ಸರಣಿ ಸಭೆ. ಗುಂಡಿಗಿಳಿದ ಕಾಲದಲ್ಲಿ ಪುಸ್ತಕಗಳೆಲ್ಲ ಕಲೆಸಿಹೋಗಿ, ಯಾವುದರ ಮುಂದೆ ಯಾವುದು ಎಂದು ಜಗಳಗಳಾಗಿದ್ದವು. ಅಚ್ಚಾದ ವರ್ಷ ಬಹಳಷ್ಟರಲ್ಲಿ ಹರಿದುಹೋಗಿತ್ತು. ಆದ್ದರಿಂದ ಸಭೆ ಒಂದು ನಿಯಮ ಮಾಡಿತು: ಕಥೆಯಲ್ಲಿ ಯಾವುದು ಮೊದಲು ನಡೆಯಿತೋ ಅದನ್ನೇ ಮೊದಲು ಓದಬೇಕು, ಮೊದಲು ಓದಿದ್ದಕ್ಕೆ ಮುಂದಿನದೆಲ್ಲ ಹೊಂದಿಕೊಳ್ಳಬೇಕು. ಇಷ್ಟು ವರ್ಷ ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ನಿಮ್ಮ ಪುಸ್ತಕ ಹನಿಪಡೆಗಿಂತ ಮೂವತ್ತು ವರ್ಷ ಈಚಿನದೆಂದು ನಿಮ್ಮ ಮುನ್ನುಡಿಯನ್ನೇ ತೋರಿಸಿ ಹೇಳಿದೆ. ಅದರಲ್ಲಿ ಗುಳುಂ ಹುಡುಗ, ಹನಿಪಡೆಯಲ್ಲಿ ಗಂಡಸು, ಹುಡುಗ ಮೊದಲೋ ಗಂಡಸು ಮೊದಲೋ ಎಂದು ಸಭೆ ನನ್ನನ್ನೇ ಕೇಳಿತು. ಈ ಪ್ರಶ್ನೆಗೆ ಏನೆಂದು ಉತ್ತರ ಕೊಡುತ್ತೀರಿ ನೀವು? ನಿಮ್ಮ ಪುಸ್ತಕ ಸರಣಿಯ ಮೊದಲನೆಯದಾಯಿತು. ಇನ್ನು ಮುಂದೆ ಗುಳುಂರಾಯ ಒಳಬಂದಾಗ ಯಾರೂ ತಟ್ಟೆ ಬಡಿಯಬಾರದು, ಕೂಗಬಾರದು, ಎದ್ದು ನಿಂತು ಮೌನ ಆಚರಿಸಬೇಕು ಎಂದು ತೀರ್ಮಾನವಾಯಿತು.

ಸಭೆಯ ಹಿರಿಯ ಶರಭಯ್ಯನ ಮನೆಗೆ ಹೋದೆ. ಕೆಟ್ಟವನಲ್ಲ, ಬೈದು ಹಗುರಾಗೋಣವೆಂದರೆ ಅದಕ್ಕೂ ಆಗದಂಥ ಸಾತ್ವಿಕ. ನನ್ನ ಮಗಳ ಬಾಯಲ್ಲಿ ಉಳಿದದ್ದೇ ಅದೊಂದು ಮಾತು, ಅದನ್ನು ಕಿತ್ತುಕೊಳ್ಳಬೇಡಿ ಎಂದು ಹೇಳಿದೆ. ಅವನು ಕೇಳಿದ: "ಕಾರಣ ಗೊತ್ತಾದ ಮ್ಯಾಲೂ ಓಡ್ಸಿದ್ರ, ಅದು ಆಟ ಹೆಂಗಾಗತೈತಿ ತಾಯಿ?" ಮನೆಗೆ ಬರುವ ದಾರಿಯುದ್ದಕ್ಕೂ ಅವನ ಮೇಲಿನ ಸಿಟ್ಟನ್ನು ನಿಮ್ಮ ಮೇಲೆ ಹಾಕುತ್ತ ಬಂದೆ.

ಮರುದಿನದಿಂದ ಯರ್ರಿಸ್ವಾಮಿ ಒಳಬಂದರೆ ಮಕ್ಕಳೆಲ್ಲ ತಲೆ ತಗ್ಗಿಸಿ ನಿಲ್ಲತೊಡಗಿದರು. ಅವನಿಗೆ ಏನು ಮಾಡಬೇಕೋ ತಿಳಿಯದೆ ಹೊಟ್ಟೆ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತು, ಬೋಗುಣಿಯ ಹತ್ತಿರ ಹೋಗಿ ತಾನೇ ನೀರು ಸುರಿದು ಹೋಗುತ್ತಿದ್ದ. ಹಗರಿಯ ಬಾಯಿ ಪೂರ್ತಿ ಮುಚ್ಚಿತು. ಅಷ್ಟೇ ಅಲ್ಲ, ಸೊರಗತೊಡಗಿದಳು. ತುಟಿ ಒಡೆಯಿತು, ಕಣ್ಣು ಗುಳಿಬಿದ್ದವು. ಸೆಕೆಯ ಜ್ವರವೆಂದು ನಾನು ಹಣೆಗೆ ಒದ್ದೆಬಟ್ಟೆ ಹಾಕಿದೆ. ಆಗ ಒಂದು ಬೆಳಿಗ್ಗೆ ಯರ್ರಿಸ್ವಾಮಿ ಬಾಗಿಲಿಗೆ ಬಂದ. ಕೈಯಲ್ಲಿ ನೀರು ತುಂಬಿದ ನಮ್ಮ ಮನೆಯ ಚೊಂಬು. ಕೆಲವು ದಿನಗಳಿಂದ ಯಾರೋ ಅವನ ಹೊಸ್ತಿಲಲ್ಲಿ ನೀರು ಇಟ್ಟುಹೋಗುತ್ತಿದ್ದರಂತೆ. ಸಭೆಯವರು ಪಾಪವೆಂದು ಕಳಿಸುತ್ತಿದ್ದಾರೆ ಎಂದುಕೊಂಡು, ಅವಮಾನವಾಗಿ, ಅದನ್ನು ತೊಟ್ಟಿಗೇ ಸುರಿದು, ಬರಿ ಚೊಂಬನ್ನು ಹೊಸ್ತಿಲಲ್ಲೇ ಬಿಡುತ್ತಿದ್ದನಂತೆ. ಅವತ್ತು ಬೇಗ ಎದ್ದು ನೋಡಿದರೆ, ನನ್ನ ಮಗಳು ತನ್ನ ದಿನದ ನೀರನ್ನು ಎರಡೂ ಕೈಯಲ್ಲಿ ಹಿಡಿದು, ಚೆಲ್ಲದ ಹಾಗೆ ಹೆಜ್ಜೆ ಇಡುತ್ತ ಬರುತ್ತಿದ್ದಳಂತೆ, ಅವನನ್ನು ಕಂಡದ್ದೇ ಚೊಂಬು ಅಲ್ಲೇ ಇಟ್ಟು ಮನೆಗೆ ತಿರುಗಿದಳಂತೆ. ಹೇಳಿ ಮುಗಿಸಿ ಮುದುಕ ಚೊಂಬನ್ನು ಮುಂದೆ ಚಾಚಿದ. ನಾನು ಚೊಂಬು ಇಸಿದುಕೊಂಡು ಒಳಗೆ ಹೋಗಿ ಅವಳಿಗೆ ಕುಡಿಸಿದೆ. ಅವಳು ನನ್ನ ಮುಖವನ್ನೇ ನೋಡುತ್ತ ಕುಡಿದಳು, ತಪ್ಪು ಮಾಡಿದವಳ ಹಾಗೆ.

ಮೂರ್ತಿಯವರೇ, ನೀವು ಇದನ್ನು ಓದಿ ನಿಮ್ಮ ಪುಸ್ತಕದ ಗೆಲುವೆಂದು ಖುಷಿಪಟ್ಟರೆ ನಾನು ಸಹಿಸಲಾರೆ. ಸ್ವಲ್ಪ ತಾಳಿ.

ಅಂದಿನ ನೆರಳುಪಾಠಕ್ಕೆ ಹಗರಿಯನ್ನು ನಾನೇ ಎತ್ತಿಕೊಂಡು ಹೋದೆ, ಪಕ್ಕದಲ್ಲಿ ಉಳಿದ ನೀರಿದ್ದ ಅವಳ ಚೊಂಬು ಇಟ್ಟೆ. ಗುಳುಂರಾಯ ಕೆರೆ ನುಂಗುವ ಹಳೆಯ ಸಂಚಿಕೆ. ಎಲ್ಲರೂ ಎದ್ದು ತಲೆ ತಗ್ಗಿಸಿದರು. ಯರ್ರಿಸ್ವಾಮಿ ಬೋಗುಣಿಯ ಕಡೆ ಹೋಗಲಿಲ್ಲ. ಮಕ್ಕಳ ನಡುವೆ ದಾರಿ ಮಾಡಿಕೊಂಡು ಸೀದಾ ಹಗರಿಯ ಮುಂದೆ ಬಂದು, ಚೊಂಬು ಎತ್ತಿ, ಎಲ್ಲರೂ ನೋಡುತ್ತಿದ್ದ ಹಾಗೆ ಗುಳುಂ ಎಂದು ಪೂರ್ತಿ ಬರಿದು ಮಾಡಿದ. ಚೀಲದೊಳಗೆ ನೀರು ಇಳಿದ ಸದ್ದು ನನಗೆ ಕೇಳಿಸಿತು. ಆಮೇಲೆ ಹಲ್ಲು ಕಿರಿದು ಹೇಳಿದ: "ನನಗ ಅವ್ವ ಇಲ್ಲ, ಅಪ್ಪ ಇಲ್ಲ, ಯಾ ಕಾರಣನೂ ಇಲ್ಲ. ನಾ ಗುಳುಂ. ನಿನ್ನ ನೀರು ನುಂಗೀನಿ. ಏನ್ ಮಾಡ್ತಿ ಮಾಡು."

ನಿಯಮ ಮುರಿದದ್ದಕ್ಕೆ ಶರಭಯ್ಯ ಏಳಲು ಹೋದ, ನಾನು ಕೈ ತೋರಿಸಿ ಕೂರಿಸಿದೆ. ನನ್ನ ಜೀವವೆಲ್ಲ ಆ ಮಗುವಿನ ತುಟಿಯ ಮೇಲೆ ನಿಂತಿತ್ತು. ಕೂಗು ನನ್ನವ್ವಾ, ಒಂದು ಸಲ ಕೂಗು ಎಂದು ಮನಸ್ಸಿನಲ್ಲೇ ಬೇಡಿದೆ. ಮುದುಕನ ನಗು ನಡುಗುತ್ತಿತ್ತು, ಆದರೂ ಬಿಡಲಿಲ್ಲ. ಹಗರಿ ಅವನನ್ನು ಬಹಳ ಹೊತ್ತು ನೋಡಿದಳು. ಅವಳ ಬಾಯಿ ತೆರೆಯಿತು.

"ಕುಡಿ ತಾತಾ," ಎಂದಳು. "ನನಗ ರೂಢಿ ಐತಿ."

ಯರ್ರಿಸ್ವಾಮಿ ಅಲ್ಲೇ ಕೂತು ಮುಖ ಮುಚ್ಚಿಕೊಂಡ. ಬಗ್ಗಿದ್ದಕ್ಕೆ ಹೊಟ್ಟೆಯ ಚೀಲ ಒತ್ತಿ ತೂತುಬಿದ್ದು ನೀರೆಲ್ಲ ನೆಲಕ್ಕೆ ಹರಿಯಿತು. ಯಾರೂ ಬೋಗುಣಿ ಹಿಡಿಯಲಿಲ್ಲ. ಸಭಾಂಗಣದಲ್ಲಿ ಎಷ್ಟೋ ಜನ ಅಳುತ್ತಿದ್ದರು. ಮಗು ಮಾತಾಡಿತಲ್ಲ ಎಂದು ನೆರೆಯ ಹೆಂಗಸರು ನನ್ನನ್ನು ತಬ್ಬಿಕೊಂಡರು. ಶರಭಯ್ಯ ಹತ್ತಿರ ಬಂದು, ನೋಡಿದಿಯೇನಮ್ಮ, ಆ ಪುಸ್ತಕ ಎಂಥ ಕರುಣೆ ಕಲಿಸಿತು ಎಂದು ಕಣ್ಣೊರೆಸಿಕೊಂಡ. ಅವತ್ತು ಇಡೀ ಊರಿನಲ್ಲಿ ಸಿಟ್ಟು ಬಂದದ್ದು ನನಗೊಬ್ಬಳಿಗೇ ಇರಬೇಕು. ಅವರೆಲ್ಲ ಮಾತು ಕೇಳಿದರು, ನಾನು ದನಿ ಕೇಳಿದೆ. ಅದು ಏಳು ವರ್ಷದವಳ ದನಿಯಲ್ಲ. ಎಲ್ಲ ಕೇಳಿ ನೋಡಿ, ಸಿಗುವುದಿಲ್ಲವೆಂದು ಗೊತ್ತಾಗಿ, ಸುಮ್ಮನಾದವರ ದನಿ.

ಆ ರಾತ್ರಿಯಿಂದ ನನಗೆ ಒಂದು ವಿಷಯ ಸ್ಪಷ್ಟವಾಗಿದೆ, ಶರಭಯ್ಯನಿಗೆ ಕೊಡಲಾಗದ ಉತ್ತರವೂ ಅದೇ. ಅವಳು ಕಕ್ಕೋ ಎಂದು ಕೂಗುತ್ತಿದ್ದದ್ದು ಕೆರೆಗಾಗಿ ಅಲ್ಲ. ಅಪ್ಪನನ್ನು ಕೇಳುತ್ತಿದ್ದಳು. ನುಂಗಿದವನು ಒಬ್ಬನಿದ್ದಾನೆ, ಅವನನ್ನು ಅಟ್ಟಿಸಿಕೊಂಡು ಹೋಗಬಹುದು, ಗಟ್ಟಿಯಾಗಿ ಕೂಗಿದರೆ ನುಂಗಿದ್ದನ್ನು ಕಕ್ಕುತ್ತಾನೆ ಎಂದು ಅವಳಿಗೆ ದಿನಕ್ಕೊಂದು ಹೊತ್ತಾದರೂ ಅನ್ನಿಸುತ್ತಿತ್ತು. ನೀವು ಅವನಿಗೆ ಕಾರಣ ಕೊಟ್ಟಿರಿ. ಒಳ್ಳೆಯ ಕಾರಣವೇ, ಅತ್ತುಬಿಡುವಂಥದ್ದೇ. ಆಮೇಲೆ ಅವಳು ಯಾರನ್ನು ಕೇಳಬೇಕು? ಬಿಸಿಲನ್ನೇ? ಕೊಳವೆಯನ್ನೇ?

ಈ ಪತ್ರಕ್ಕೆ ಕೂತಾಗ, ಆ ಪುಸ್ತಕ ಬರೆಯಲೇಬೇಡಿ ಎಂದು ಕೇಳಬೇಕೆಂದಿದ್ದೆ. ಅಷ್ಟು ಕೇಳಲು ಈಗ ಬಾಯಿ ಬರುತ್ತಿಲ್ಲ, ಅದಕ್ಕೂ ನನಗೆ ಸಿಟ್ಟಿದೆ. ನನ್ನ ಮಗಳು ಮುದುಕನೊಬ್ಬನ ಹೊಸ್ತಿಲಿಗೆ ನೀರು ಹೊತ್ತದ್ದು ನಿಮ್ಮ ಆ ಕಪ್ಪು ಪುಟಗಳನ್ನು ಕಂಡೇ, ಅದು ಹುಟ್ಟದೆ ಹೋಗಲಿ ಎಂದು ಯಾವ ತಾಯಿ ಕೇಳುತ್ತಾಳೆ? ಬರೆಯಿರಿ. ಚಪ್ಪಲಿಯ ಕಥೆಯನ್ನೂ ಬೇಕಾದರೆ ಇಟ್ಟುಕೊಳ್ಳಿ. ನನ್ನ ಕೋರಿಕೆ ಒಂದೇ. ಮುಖಪುಟದ ಮೇಲೆ, ಗೆದ್ದಲು ತಿನ್ನದ ಹಾಗೆ ನಟ್ಟನಡುವೆ, ಮಕ್ಕಳಿಗೂ ಸಭೆಗಳಿಗೂ ಕಾಣುವಷ್ಟು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ: ಹನಿಪಡೆ ಪೂರ್ತಿ ಮುಗಿಸದವರು ಇದನ್ನು ಮುಟ್ಟಬಾರದು. ನಮ್ಮವರು ಅಚ್ಚಾದ ಮಾತನ್ನು ಮೀರುವುದಿಲ್ಲ, ಆ ನಂಬಿಕೆಯಿಂದ ಕೇಳುತ್ತಿದ್ದೇನೆ.

ಪತ್ರವನ್ನು ಕಿಟಕಿಯಲ್ಲಿ ಕೊಟ್ಟು ಸೀದಾ ಸಭಾಂಗಣಕ್ಕೆ ಹೋಗಿ ಕಪಾಟು ತೆರೆದು ಮುಖಪುಟ ನೋಡುತ್ತೇನೆ. ಆ ಸಾಲು ಅಲ್ಲಿ ಮೂಡಿದ್ದರೆ ತಟ್ಟೆ ತೆಗೆದುಕೊಂಡು ಯರ್ರಿಸ್ವಾಮಿಯ ಮನೆಗೆ ಓಡುತ್ತೇನೆ. ಚೀಲಕ್ಕೆ ಬಿದ್ದಿದ್ದ ತೂತನ್ನು ಅವನು ನಿನ್ನೆಯೇ ಹೊಲಿದಿಟ್ಟಿದ್ದಾನೆ, ಏಕೆಂದು ನಾನು ಕೇಳಲಿಲ್ಲ. ಹಗರಿ ಮೊದಲು ಹೊಟ್ಟೆ ತುಂಬ ಕೂಗಲಿ ಸ್ವಾಮಿ. ಅಪ್ಪನನ್ನು ಕಕ್ಕು ಎಂದು ಗಂಟಲು ಕಟ್ಟುವ ತನಕ ಕೂಗಲಿ. ಆಮೇಲೆ ಅವನಿಗೆ ನೀರು ಕೊಡುವವಳೂ ಅವಳೇ.

ಇಂತಿ,
ವರದಾ
ಹಗರಿಯ ಅವ್ವ